ಬೋರ್ಡೋ ದ್ರಾವಣ: ಮೈಲುತುತ್ತಕ್ಕಿಂತ ಸುಣ್ಣದ ಮೇಲೆ ಕಣ್ಣಿಡಿ

ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ, ನೀರು ಸೇರಿಸಿ ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧಿ. ಇದನ್ನು ಮಾಡುವವರು ಮೈಲುತುತ್ತವನ್ನು ಹತ್ತು ಸಲ ತಿರುಗಿಸಿ ನೋಡುತ್ತಾರೆ. ಹರಳು ದೊಡ್ಡದಿದೆಯಾ, ಬಣ್ಣ ಗಾಢವಾಗಿದೆಯಾ, ಚೀಲ ಒಡೆದಿದೆಯಾ, ಎಲ್ಲಾ. ಸುಣ್ಣ ಮಾತ್ರ ಯಾವುದೋ ಮೂಲೆಯಲ್ಲಿ ಹೋದ ವರ್ಷದಿಂದ ಕೂತದ್ದನ್ನು ತಂದು ಸುರಿಯುತ್ತಾರೆ. ಆಮೇಲೆ ಎಲೆ ಸುಟ್ಟಿತು, ಇಲ್ಲಾ ಮೊದಲ ಮಳೆಗೇ ತೊಳೆದುಹೋಯಿತು, ಇಲ್ಲಾ ನಾಜಲ್ ಕಟ್ಟಿಕೊಂಡಿತು ಅಂತ ಬೇಜಾರು. ಈ ಮೂರೂ ತೊಂದರೆಗಳ ಬೇರು ಹೆಚ್ಚಿನ ಸಲ ಸುಣ್ಣದಲ್ಲೇ ಸಿಗುತ್ತದೆ. ಅದಕ್ಕೇ ಸುಣ್ಣಕ್ಕೆ ಇಲ್ಲಿ ಸ್ವಲ್ಪ ಜಾಸ್ತಿನೇ ಜಾಗ ಕೊಡುತ್ತೇನೆ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ನೀಲಿ ಹರಳಿನಲ್ಲಿ ತಾಮ್ರದ ಜೊತೆ ನೀರೂ ಸೇರಿಕೊಂಡಿರುತ್ತದೆ, ಹಾಗಾಗಿ ತೂಕದ ಕಾಲು ಭಾಗ ಮಾತ್ರ ತಾಮ್ರ. 1 ಕೆ.ಜಿ. ಹರಳಿನಲ್ಲಿ ಸುಮಾರು 250 ಗ್ರಾಂ. ಇದು ನೀರಿನಲ್ಲಿ ಪೂರ್ತಿ ಕರಗುತ್ತದೆ, ಕರಗಿದ್ದು ಆಮ್ಲೀಯ. ಅದನ್ನೇ ಹಾಗೇ ಎಲೆಗೆ ಹೊಡೆದರೆ ತಾಮ್ರವೆಲ್ಲ ಒಂದೇ ಸಲಕ್ಕೆ ಎಲೆಯೊಳಗೆ ನುಗ್ಗಿ, ಶಿಲೀಂಧ್ರದ ಜೊತೆ ಗಿಡವನ್ನೂ ಸುಡುತ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗಿದ ರೂಪ ಬಿಟ್ಟು ನೀರಿನಲ್ಲಿ ಕರಗದ ಸಣ್ಣ ಸಣ್ಣ ಕಣಗಳಾಗುತ್ತದೆ. ಪುಸ್ತಕದಲ್ಲಿ ಇದನ್ನು ಕಾಪರ್ ಹೈಡ್ರಾಕ್ಸೈಡ್ ಮತ್ತು ಜಿಪ್ಸಮ್ ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ನಿಜದಲ್ಲಿ ಅದು ತಾಮ್ರ, ಸಲ್ಫೇಟ್, ಹೈಡ್ರಾಕ್ಸೈಡ್ ಎಲ್ಲ ಹೆಣೆದುಕೊಂಡ ಗೋಜಲು ವಸ್ತು, ಜೊತೆಗೆ ಜಿಪ್ಸಮ್. ಈ ಕಣಗಳು ಎಲೆ ಮೇಲೆ ಪೊರೆಯಾಗಿ ಒಣಗಿ ಕೂರುತ್ತವೆ.

ಕರಗದ ತಾಮ್ರ ಶಿಲೀಂಧ್ರವನ್ನು ಕೊಲ್ಲುವುದು ಹೇಗೆ? ಮಳೆ ಅಥವಾ ಇಬ್ಬನಿಯ ನೀರು, ಗಾಳಿಯ ಇಂಗಾಲದ ಡೈಆಕ್ಸೈಡ್, ಎಲೆಯಿಂದ ಒಸರುವ ರಸ, ಮೊಳಕೆಯೊಡೆಯುವ ಶಿಲೀಂಧ್ರದ ಬೀಜಾಣು ತಾನೇ ಹೊರಬಿಡುವ ಪದಾರ್ಥ, ಇವೆಲ್ಲ ಸೇರಿ ಆ ಪೊರೆಯಿಂದ ತಾಮ್ರದ ಅಯಾನುಗಳನ್ನು ಚೂರುಚೂರೇ ಬಿಡಿಸುತ್ತವೆ. ಆ ಅಯಾನುಗಳು ಬೀಜಾಣುವಿನೊಳಗೆ ಹೋಗಿ ಅದರ ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಳ್ಳುತ್ತವೆ. ಒಂದು ಕಿಣ್ವ ಅಂತಲ್ಲ, ಸಿಕ್ಕಿದ್ದಕ್ಕೆಲ್ಲಾ. ಬೀಜಾಣು ಅಲ್ಲಿಗೆ ಮುಗಿಯಿತು. ಒಂದೇ ಕಡೆ ಹೊಡೆಯದೆ ಹತ್ತಾರು ಕಡೆ ಹೊಡೆಯುವುದರಿಂದಲೇ ಒಂದೂಕಾಲು ಶತಮಾನ ದಾಟಿದರೂ ಶಿಲೀಂಧ್ರಗಳು ಇದಕ್ಕೆ ಒಗ್ಗಿಕೊಂಡಿಲ್ಲ. ದುಂಡಾಣುಗಳ ಕಥೆ ಬೇರೆ. ಕ್ಸಾಂಥೋಮೊನಾಸ್, ಸ್ಯೂಡೋಮೊನಾಸ್ ಜಾತಿಗಳಲ್ಲಿ ತಾಮ್ರಕ್ಕೆ ಜಗ್ಗದ ತಳಿಗಳು ಬಂದುಬಿಟ್ಟಿವೆ.

ಅಂದರೆ ಇಡೀ ಆಟ ಇರುವುದು ತಾಮ್ರವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಲ್ಲಿ. ಹಿಡಿದಿಡುವುದು ಸುಣ್ಣ.

ಇದು ಶುರುವಾದದ್ದು ಫ್ರಾನ್ಸ್‌ನಲ್ಲಿ. 1878ರ ಹೊತ್ತಿಗೆ ಅಮೆರಿಕದಿಂದ ಬಂದ ಬೂಜು ತುಪ್ಪಟ ರೋಗ (ಡೌನಿ ಮಿಲ್ಡ್ಯೂ) ಅಲ್ಲಿನ ದ್ರಾಕ್ಷಿ ತೋಟಗಳಿಗೆ ಹತ್ತಿತ್ತು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲ್ಲಾರ್ಡೆ 1882ರಲ್ಲಿ ಮೆಡಾಕ್ ಪ್ರದೇಶದಲ್ಲಿ ಓಡಾಡುವಾಗ, ರಸ್ತೆ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಕಂಡರು. ದಾರಿಹೋಕರು ಹಣ್ಣು ಕೀಳದಿರಲಿ ಅಂತ ತೋಟದವರು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚಿ ಹೆದರಿಸುವ ಬಣ್ಣ ಬಳಿದಿದ್ದರು, ಅಷ್ಟೇ. ಮಿಲ್ಲಾರ್ಡೆ ರಸಾಯನಶಾಸ್ತ್ರಜ್ಞ ಗೇಯಾನ್ ಜೊತೆ ಸೇರಿ ಅದನ್ನು ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಅವರ ಮೊದಲ ಪಾಕದಲ್ಲಿ 130 ಲೀಟರ್ ನೀರಿಗೆ 8 ಕೆ.ಜಿ. ಮೈಲುತುತ್ತ, 15 ಕೆ.ಜಿ. ಸುಣ್ಣ ಇತ್ತು. ಈಗ ನಾವು ಬಳಸುವುದು ಅದರ ಮುಂದೆ ತಿಳಿನೀರು.

ಸುಣ್ಣ ಎಷ್ಟು, ಎಂಥದ್ದು

ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಟ್ಟ ಸುಣ್ಣ, 100 ಲೀಟರ್ ನೀರು. ಈ ಅಳತೆ ಎಲ್ಲರಿಗೂ ಬಾಯಿಪಾಠ. ಮನೆ ಹಿತ್ತಿಲ ಮಟ್ಟಿಗೆ 10 ಲೀಟರ್ ಸಾಕಾದರೆ ಎರಡೂ 100 ಗ್ರಾಂ. ಆದರೆ ರಸಾಯನದ ಲೆಕ್ಕ ಹಾಕಿದರೆ 1 ಕೆ.ಜಿ. ಮೈಲುತುತ್ತದ ತಾಮ್ರವನ್ನೆಲ್ಲ ಕೂರಿಸಲು ಶುದ್ಧ ಸುಟ್ಟ ಸುಣ್ಣ ಬರೀ 225 ಗ್ರಾಂ ಆಸುಪಾಸು ಸಾಕು. ಹಾಗಾದರೆ 1 ಕೆ.ಜಿ. ಯಾಕೆ? ಎರಡು ಕಾರಣ. ಕೈಗೆ ಸಿಗುವ ಸುಣ್ಣ ಶುದ್ಧ ಇರುವುದಿಲ್ಲ. ಮತ್ತೆ, ಸ್ವಲ್ಪ ಸುಣ್ಣ ಮಿಕ್ಕಿದ್ದರೆ ದ್ರಾವಣ ಕ್ಷಾರದ ಕಡೆ ನಿಂತು ಎಲೆಗೆ ಕಾವಲಾಗುತ್ತದೆ. ಒಳ್ಳೆಯ, ಹೊಸದಾಗಿ ಸುಟ್ಟ ಗಟ್ಟಿ ಸುಣ್ಣ ಸಿಕ್ಕರೆ ಅರ್ಧ ಕೆ.ಜಿ.ಯಲ್ಲೇ ಪರೀಕ್ಷೆ ಪಾಸಾಗುವುದುಂಟು. ಸುಣ್ಣ ಅತಿಯಾದರೆ ಎಲೆ ಸುಡುವುದಿಲ್ಲ ನಿಜ, ಆದರೆ ತಾಮ್ರ ಬಿಡುಗಡೆಯಾಗುವುದು ನಿಧಾನವಾಗುತ್ತದೆ, ನಾಜಲ್ ಕಟ್ಟುತ್ತದೆ, ಪಂಪ್ ಸವೆಯುತ್ತದೆ. ಅಳತೆಯನ್ನು ಕಣ್ಣುಮುಚ್ಚಿ ಪಾಲಿಸುವುದಕ್ಕಿಂತ ಪರೀಕ್ಷೆ ನೋಡಿ ನಿಲ್ಲಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಸುಣ್ಣ ಹಾಳಾಗುವುದು ಗಾಳಿಯಿಂದ. ಬಿಚ್ಚಿಟ್ಟ ಸುಣ್ಣ ಗಾಳಿಯ ತೇವ ಎಳೆದುಕೊಂಡು ತಾನಾಗಿ ಪುಡಿಯಾಗುತ್ತದೆ, ಆಮೇಲೆ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಸೀಮೆಸುಣ್ಣದಂಥ ಪುಡಿಯೇ ಆಗಿಬಿಡುತ್ತದೆ. ನೋಡಲು ಅದೂ ಬೆಳ್ಳಗೇ ಇರುತ್ತದೆ, ತೂಕಕ್ಕೂ ಬರುತ್ತದೆ, ಕೆಲಸಕ್ಕೆ ಮಾತ್ರ ಬರುವುದಿಲ್ಲ. ನೀರಿಗೆ ಒಂದು ತುಂಡು ಹಾಕಿ ನೋಡಿ. ಬುಸುಗುಟ್ಟಿ, ಬಿಸಿಯಾಗಿ, ಅರಳಿ ಒಡೆದರೆ ಜೀವ ಇದೆ. ಸುಮ್ನೆ ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತರೆ ಬೇರೆ ಸುಣ್ಣ ಹುಡುಕಿ. ಪ್ಯಾಕೆಟ್ಟಿನಲ್ಲಿ ಬರುವ ಅರಳಿದ ಸುಣ್ಣದ ಪುಡಿ ಬಳಸುವವರು ಒಂದು ಲೆಕ್ಕ ನೆನಪಿಡಬೇಕು. ಅದರಲ್ಲಿ ಆಗಲೇ ನೀರು ಸೇರಿರುತ್ತದೆ, ಹಾಗಾಗಿ 1 ಕೆ.ಜಿ. ಸುಟ್ಟ ಸುಣ್ಣದ ಜಾಗಕ್ಕೆ ಸುಮಾರು 1.3 ಕೆ.ಜಿ. ಪುಡಿ ಬೇಕು. ಪ್ಯಾಕೆಟ್ ಹೊಸದಿರಲಿ.

ಮೈಲುತುತ್ತದ ಬಗ್ಗೆ ಎರಡೇ ಮಾತು. ಗಾಢ ನೀಲಿ ಹರಳಿರಲಿ. ಮೇಲೆ ಬಿಳಿ ಪುಡಿ ಕಂಡರೆ ನೀರಿನಂಶ ಹಾರಿದೆ ಅಷ್ಟೇ, ತಾಮ್ರ ಎಲ್ಲೂ ಹೋಗಿಲ್ಲ. ಹಸಿರು ಛಾಯೆ ಇದ್ದರೆ ಕಬ್ಬಿಣದ ಸಲ್ಫೇಟ್ ಬೆರೆತಿರುವ ಅನುಮಾನ, ಅದನ್ನು ಬಿಡಿ.

ಕಲಸುವ ಕೆಲಸ

ಎರಡು ಪ್ಲಾಸ್ಟಿಕ್ ಡ್ರಮ್ ಮತ್ತು ಎರಡೂ ಸೇರಿದರೆ ಹಿಡಿಯುವಷ್ಟು ದೊಡ್ಡದೊಂದು, ಒಟ್ಟು ಮೂರು ಇದ್ದರೆ ಆರಾಮ. ಮೈಲುತುತ್ತ ಮುಟ್ಟುವ ಪಾತ್ರೆ ಕಬ್ಬಿಣದ್ದು, ತಗಡಿನದು, ಅಲ್ಯೂಮಿನಿಯಂನದು ಇರಬಾರದು. ತಾಮ್ರ ಪಾತ್ರೆಗೆ ಹತ್ತಿಕೊಳ್ಳುತ್ತದೆ, ಪಾತ್ರೆಯ ಲೋಹ ಕರಗಿ ದ್ರಾವಣಕ್ಕೆ ಬರುತ್ತದೆ, ಎರಡೂ ಕಡೆ ನಷ್ಟ.

ಮೈಲುತುತ್ತವನ್ನು ಡ್ರಮ್ಮಿನ ತಳಕ್ಕೆ ಸುರಿದು ಕೋಲಿನಿಂದ ಕಲಕುತ್ತಾ ನಿಲ್ಲಬೇಡಿ. ಸಡಿಲವಾದ ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿಗೆ ತೂಗುಹಾಕಿ, 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗಿದ ಹಾಗೆ ಇಡಿ. ಕರಗಿದ ನೀಲಿ ನೀರು ಭಾರ, ಅದು ಗಂಟಿನಿಂದ ಎಳೆಎಳೆಯಾಗಿ ಕೆಳಗಿಳಿಯುತ್ತದೆ, ಹೊಸ ನೀರು ಹರಳಿನ ಹತ್ತಿರ ತಾನೇ ಬರುತ್ತದೆ. ತಳದಲ್ಲಿ ಬಿದ್ದ ಹರಳು ತನ್ನದೇ ಗಟ್ಟಿ ದ್ರಾವಣದಲ್ಲಿ ಮುಳುಗಿ ಕರಗದೆ ಕೂತಿರುತ್ತದೆ. ಹಿಂದಿನ ರಾತ್ರಿ ಗಂಟು ಇಳಿಬಿಟ್ಟರೆ ಬೆಳಿಗ್ಗೆಗೆ ಬಟ್ಟೆ ಖಾಲಿ. ಅವಸರವಿದ್ದರೆ ಪುಡಿಮಾಡಿ ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಬಹುದು, ಪುಡಿ ಮಾಡುವಾಗ ದೂಳು ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಸುಣ್ಣಕ್ಕೆ ಕಬ್ಬಿಣದ ಬಕೆಟ್ ನಡೆಯುತ್ತದೆ, ಅಲ್ಯೂಮಿನಿಯಂ ಮಾತ್ರ ಬೇಡ, ಅದನ್ನು ಸುಣ್ಣ ತಿಂದುಹಾಕುತ್ತದೆ. ತೆಳು ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ. ಕೆಲವು ಲೀಟರ್ ನೀರು ಮೊದಲು ಹಾಕಿ, ಅದಕ್ಕೆ ಸುಣ್ಣದ ತುಂಡುಗಳನ್ನು ಒಂದೊಂದಾಗಿ ಬಿಡಿ. ಸುಣ್ಣದ ರಾಶಿ ಮೇಲೆ ಚೂರು ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಬಗ್ಗಿ ನೋಡುವುದಂತೂ ಬೇಡವೇ ಬೇಡ. ಅರಳಿ ಹಾಲಿನಂತಾದ ಮೇಲೆ ಸಣ್ಣ ಕಣ್ಣಿನ ಜರಡಿಯಲ್ಲೋ ಬಟ್ಟೆಯಲ್ಲೋ ಸೋಸಿ, ನೀರು ಸೇರಿಸಿ 50 ಲೀಟರ್ ಮಾಡಿ. ಸೋಸುವುದನ್ನು ಬಿಟ್ಟವರು ಆ ಮರಳನ್ನು ಆಮೇಲೆ ನಾಜಲ್ಲಿನಿಂದ ಪಿನ್ ಹಾಕಿ ತೆಗೆಯುತ್ತಾರೆ. ಪೂರ್ತಿ ತಣ್ಣಗಾಗುವವರೆಗೂ ಕಾಯಿರಿ. ಬಿಸಿಯಲ್ಲಿ ಬೆರೆಸಿದರೆ ಕಣಗಳು ದಪ್ಪವಾಗಿ ಬೇಗ ತಳ ಸೇರುತ್ತವೆ.

ಈಗ ಬೆರೆಸುವುದು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕೋಲಿನಿಂದ ಕಲಕುತ್ತಲೇ ಇರಬೇಕು. ಇಲ್ಲವೇ ಇಬ್ಬರು ನಿಂತು ಎರಡನ್ನೂ ಸಮನಾಗಿ ಮೂರನೇ ಡ್ರಮ್ಮಿಗೆ ಸುರಿಯಬಹುದು. ಮೈಲುತುತ್ತಕ್ಕೆ ಸುಣ್ಣ ಸುರಿಯುವುದು ಮಾತ್ರ ತಪ್ಪು. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಸುಣ್ಣದೊಳಗೆ ಮೈಲುತುತ್ತ ಬಿದ್ದಾಗ ಪ್ರತಿ ಹನಿಗೂ ಸುತ್ತ ಸುಣ್ಣವೇ ಜಾಸ್ತಿ, ಕಣ ಹುಟ್ಟುವಾಗಲೇ ಕ್ಷಾರದಲ್ಲಿ ಹುಟ್ಟುತ್ತದೆ, ನಯವಾಗಿ, ಜೆಲ್ಲಿಯಂತೆ ತೇಲುತ್ತದೆ. ತಿರುಗಾಮುರುಗಾ ಮಾಡಿದರೆ ಶುರುವಿನಲ್ಲಿ ಆಮ್ಲದ ನಡುವೆ ಒರಟು ಕಣ ಹುಟ್ಟಿ ಬೇಗ ಕೆಳಗೆ ಕೂರುತ್ತದೆ, ಎಲೆಗೂ ಸರಿಯಾಗಿ ಅಂಟುವುದಿಲ್ಲ. ಎರಡೂ ಡ್ರಮ್ಮಿನಲ್ಲಿ ಸಾಮಾನು ಅದೇ, ತೂಕ ಅದೇ, ಆದರೂ ಔಷಧಿ ಬೇರೆ. ಸರಿಯಾದದ್ದು ಆಕಾಶದ ತಿಳಿನೀಲಿ ಬಣ್ಣಕ್ಕೆ ಬರುತ್ತದೆ.

ಪರೀಕ್ಷೆ ಮಾಡದೆ ಹೊಡೆಯಬೇಡಿ. ಹಳೆಯ ಕಬ್ಬಿಣದ ಕುಡುಗೋಲನ್ನೋ ಮೊಳೆಯನ್ನೋ ಉಜ್ಜಿ ಹೊಳಪು ಬರಿಸಿ, ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕಂದು ಬಣ್ಣ ಹತ್ತಿದ್ದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ. ಆ ತಾಮ್ರ ಕಬ್ಬಿಣದ ಜಾಗ ಕಿತ್ತುಕೊಂಡು ಲೋಹವಾಗಿ ಕೂತಿದೆ, ಎಲೆ ಸುಡುವುದು ಅದೇ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕಲಕಿ, ಮತ್ತೆ ಉಜ್ಜಿ ಅದ್ದಿ. ಸ್ಟೇನ್‌ಲೆಸ್ ಸ್ಟೀಲ್ ಚಾಕುವಿನಲ್ಲಿ ಈ ಪರೀಕ್ಷೆ ನಂಬಬೇಡಿ, ಅದರ ಮೇಲೆ ತಾಮ್ರ ಸುಲಭಕ್ಕೆ ಕೂರುವುದಿಲ್ಲ, ಎಲ್ಲಾ ಸರಿಯಿದೆ ಅನ್ನಿಸಿಬಿಡುತ್ತದೆ. ಲಿಟ್ಮಸ್ ಕಾಗದ ಇದ್ದರೆ ಇನ್ನೂ ಒಳ್ಳೆಯದು. ಕೆಂಪು ಕಾಗದ ನೀಲಿಗೆ ತಿರುಗಬೇಕು.

ನನಗೆ ತುಂಬಾ ಹಿಡಿಸುವ ಇನ್ನೊಂದು ಪರೀಕ್ಷೆ ಗಾಜಿನ ಲೋಟದ್ದು. ಲೋಟದಲ್ಲಿ ಸ್ವಲ್ಪ ದ್ರಾವಣ ತುಂಬಿ ಅಲುಗಾಡಿಸದೆ ಬಿಡಿ. ಒಳ್ಳೆಯ ಬೋರ್ಡೋ ತುಂಬಾ ನಿಧಾನಕ್ಕೆ ಕೆಳಗಿಳಿಯುತ್ತದೆ. ನೀಲಿ ಭಾಗದ ಮೇಲೆ ತಿಳಿಯಾದ ನೀರಿನ ಒಂದು ಪಟ್ಟಿ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಆ ಪಟ್ಟಿಗೆ ಬಣ್ಣವೇ ಇರಬಾರದು. ಲೋಟದ ಹಿಂದೆ ಬಿಳಿ ಕಾಗದ ಹಿಡಿದಾಗ ಚೂರು ನೀಲಿ ಕಂಡರೂ ಸುಣ್ಣ ಸಾಲದು. ಐದೇ ನಿಮಿಷದಲ್ಲಿ ಎಲ್ಲಾ ತಳ ಸೇರಿದರೆ ಬೆರೆಸಿದ ಕ್ರಮವೋ ಬಿಸಿಯೋ ಕೆಡಿಸಿದೆ.

ಬೆರೆಸಿದ್ದನ್ನು ಅವತ್ತೇ ಹೊಡೆದು ಮುಗಿಸಿ. ಹೊತ್ತು ಕಳೆದಂತೆ ಆ ನಯವಾದ ಜೆಲ್ಲಿ ಹರಳುಗಟ್ಟುತ್ತಾ ಹೋಗುತ್ತದೆ, ಅಂಟುವ ಗುಣ ಹೋಗುತ್ತದೆ. ಮಳೆ ಬಂತು, ಹೊಡೆಯಲು ಆಗಲಿಲ್ಲ ಅನ್ನುವ ಭಯ ಇದ್ದರೆ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ, ಮುಚ್ಚಿಟ್ಟರೆ ಅವು ಕೆಡುವುದಿಲ್ಲ.

ಹೊಡೆಯುವಾಗ

ತಾಮ್ರ ಎಲೆಯ ಹೊರಗೆ ನಿಲ್ಲುವ ಔಷಧಿ. ಗಿಡದೊಳಗೆ ಹರಿಯುವುದಿಲ್ಲ, ಆಗಲೇ ಒಳಗೆ ಸೇರಿದ ರೋಗವನ್ನು ವಾಸಿ ಮಾಡುವುದಿಲ್ಲ. ಬೀಜಾಣು ಬರುವ ಮೊದಲು ಪೊರೆ ಅಲ್ಲಿರಬೇಕು, ಎಲೆಯ ಅಡಿಯಲ್ಲೂ ಇರಬೇಕು. ಚುಕ್ಕೆ ಎಲ್ಲಾ ಕಡೆ ಹರಡಿದ ಮೇಲೆ ಡ್ರಮ್ಮುಗಟ್ಟಲೆ ಹೊಡೆದರೂ ಹಳೆಯ ಚುಕ್ಕೆ ಮಾಯವಾಗುವುದಿಲ್ಲ, ಹೊಸದನ್ನು ತಡೆಯಬಹುದು ಅಷ್ಟೇ. ಹೊಡೆದ ಮೇಲೆ ಬಂದ ಚಿಗುರಿಗೂ ರಕ್ಷಣೆ ಇಲ್ಲ. ಅದಕ್ಕೇ ಬೇಗ ಬೆಳೆಯುವ ತರಕಾರಿಗೆ ವಾರ, ಎರಡು ವಾರಕ್ಕೊಮ್ಮೆ ಬೇಕಾಗುತ್ತದೆ, ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ ಹೊಡೆದು 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವ ರೂಢಿ.

ಆಲೂಗಡ್ಡೆ, ಟೊಮೆಟೊ ಅಂಗಮಾರಿ, ದ್ರಾಕ್ಷಿಯ ಬೂಜು ತುಪ್ಪಟ, ಕಾಫಿಯ ಎಲೆ ತುಕ್ಕು, ಅಡಿಕೆ ಕೊಳೆ, ಹಲವು ಬಗೆಯ ಎಲೆಚುಕ್ಕೆ, ಇವೆಲ್ಲ ಇದರ ಅಂಕೆಯಲ್ಲಿವೆ. ಬೂದಿರೋಗಕ್ಕೆ ಇದು ಅಷ್ಟಕ್ಕಷ್ಟೇ, ಅಲ್ಲಿ ಗಂಧಕವೇ ವಾಸಿ. ನಂಜುರೋಗಕ್ಕೆ ಸುಮ್ನೆ ದುಡ್ಡು ದಂಡ. ಕೊಂಬೆ ಸವರಿದ ಗಾಯಕ್ಕೆ, ಕಾಂಡಕ್ಕೆ ಹಚ್ಚಲು ಇದನ್ನೇ ಗಟ್ಟಿ ಮಾಡಿಕೊಳ್ಳಬಹುದು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಇದೇ ಬೋರ್ಡೋ ಮುಲಾಮು, ಬ್ರಷ್ಷಿನಲ್ಲಿ ಬಳಿಯುವುದು.

ದಿನ ಆರಿಸುವಾಗ ಎಲೆ ಬೇಗ ಒಣಗುವ ದಿನ ನೋಡಿ. ಚಳಿ, ಮೋಡ, ತೇವ ಸೇರಿ ಗಂಟೆಗಟ್ಟಲೆ ಎಲೆ ಒದ್ದೆಯಾಗೇ ಇದ್ದರೆ ತಾಮ್ರ ಜಾಸ್ತಿ ಕರಗಿ ಎಲೆ ಅಂಚು ಸುಡುತ್ತದೆ. ಪೀಚ್, ಪ್ಲಮ್ ಮರಗಳ ಎಲೆ ಇದಕ್ಕೆ ತೀರಾ ನಾಜೂಕು, ಸೇಬಿನ ಕೆಲವು ತಳಿಗಳ ಹಣ್ಣಿನ ಮೇಲೆ ತುಕ್ಕಿನಂತೆ ಒರಟು ಕಲೆ ಬರುತ್ತದೆ. ಎಳೆಯ ಸೌತೆ ಜಾತಿಯ ಬಳ್ಳಿಗಳಿಗೆ, ಎಲೆಕೋಸಿಗೆ ಹೊಡೆಯುವ ಮುಂಚೆ ನಾಲ್ಕು ಗಿಡಕ್ಕೆ ಹೊಡೆದು ಒಂದೆರಡು ದಿನ ಕಾದು ನೋಡಿ. ಹೂ ಅರಳಿದ ಹೊತ್ತಿನಲ್ಲಿ ಬೇಡ.

ಒಂದೇ ಸಲಕ್ಕೆ ಕೆಲಸ ಮುಗಿಯಲಿ ಅಂತ ಬೋರ್ಡೋ ಜೊತೆ ಕೀಟನಾಶಕ ಬೆರೆಸುವ ಅಭ್ಯಾಸ ಬಿಡಿ. ಇದು ಒಳ್ಳೇ ಕ್ಷಾರ, ಮೆಲಾಥಿಯಾನ್‌ನಂಥವು ಇದರಲ್ಲಿ ಒಡೆದುಹೋಗುತ್ತವೆ. ಆಮ್ಲೀಯ ಔಷಧಿ, ಮುಖ್ಯವಾಗಿ ಫೋಸೆಟೈಲ್ ಅಲ್ಯೂಮಿನಿಯಂ, ಸೇರಿದರೆ ತಾಮ್ರ ಕರಗಿ ಗಿಡಕ್ಕೆ ಕಷ್ಟ. ರೋಗ ತಡೆಯಲು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನೋ ಸ್ಯೂಡೋಮೊನಾಸ್‌ನ ಉಪಕಾರಿ ದುಂಡಾಣುವನ್ನೋ ಹಾಕುವವರು ಅದನ್ನೂ ಇದನ್ನೂ ದೂರ ಇಡಿ. ಒಂದು ಕೈಯಲ್ಲಿ ಒಳ್ಳೆಯ ಜೀವಿ ಬಿಟ್ಟು ಇನ್ನೊಂದು ಕೈಯಲ್ಲಿ ಅದನ್ನೇ ಕೊಂದ ಹಾಗಾಗುತ್ತದೆ, ಅಲ್ವಾ?

ಇಷ್ಟೆಲ್ಲ ಗೋಳು ಯಾಕೆ, ಪ್ಯಾಕೆಟ್ಟಿನ ತಾಮ್ರ ಇದೆಯಲ್ಲ ಅಂದರೆ, ಇದೆ. ಕಾಪರ್ ಆಕ್ಸಿಕ್ಲೋರೈಡ್ ಶೇಕಡಾ 50ರ ಪುಡಿ ಸಾಮಾನ್ಯವಾಗಿ ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ ಹೋಗುತ್ತದೆ, ಕಾಪರ್ ಹೈಡ್ರಾಕ್ಸೈಡ್ ಕೂಡ ಸಿಗುತ್ತದೆ. ಅಲ್ಲಿ ತಾಮ್ರ ಮೊದಲೇ ಕರಗದ ರೂಪದಲ್ಲಿ ಇರುವುದರಿಂದ ಸುಣ್ಣದ ರಗಳೆ ಇಲ್ಲ. ಸ್ವಲ್ಪ ಗಿಡಗಳಿರುವವರಿಗೆ ಅದೇ ಅನುಕೂಲ. ಸತತ ಮಳೆಯಲ್ಲಿ ಅಂಟಿ ನಿಲ್ಲುವ ವಿಷಯದಲ್ಲಿ ಮಾತ್ರ ಹೊಸದಾಗಿ ಮಾಡಿದ ಬೋರ್ಡೋವನ್ನು ಮೀರಿಸುವುದು ಕಷ್ಟ.

ಮೈ, ಕಣ್ಣು, ಮಣ್ಣು

"ತಾಮ್ರ ತಾನೇ, ಸಾವಯವದಲ್ಲೂ ಬಿಡ್ತಾರೆ, ಏನೂ ಆಗಲ್ಲ" ಅನ್ನುವ ಮಾತು ತುಂಬಾ ಕೇಳಿಸುತ್ತದೆ. ಸಾವಯವದಲ್ಲಿ ಬಿಡುವುದು ನಿಜ. ಏನೂ ಆಗಲ್ಲ ಅನ್ನುವುದು ಸುಳ್ಳು. ಮೈಲುತುತ್ತದ ಪುಡಿ ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿ ಮಾಡಬಲ್ಲದು, ಸುಣ್ಣ ಅದಕ್ಕಿಂತ ಕಮ್ಮಿಯಿಲ್ಲ. ಕಲಸುವಾಗ ಪಕ್ಕ ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ಕಣ್ಣಿಗೆ ಏನಾದರೂ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು 15–20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ. ಉಜ್ಜಬೇಡಿ, ಮನೆಮದ್ದು ಬೇಡ.

ಹೊಡೆಯುವಾಗ ಮಾಸ್ಕ್ ಇರಲಿ. 1969ರಲ್ಲಿ ಪೋರ್ಚುಗಲ್‌ನ ವೈದ್ಯರು, ದ್ರಾಕ್ಷಿ ತೋಟದಲ್ಲಿ ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಾಯಗಟ್ಟಿರುವುದನ್ನು ವರದಿ ಮಾಡಿದರು. ಆ ಕಾಯಿಲೆಗೆ ದ್ರಾಕ್ಷಿ ಸಿಂಪಡಿಸುವವರ ಶ್ವಾಸಕೋಶ ಅಂತಲೇ ಹೆಸರು ಬಿತ್ತು. ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ. ಕೈ ತೊಳೆಯದೆ ಬೀಡಿ, ಎಲೆಅಡಿಕೆ ಮುಟ್ಟಬೇಡಿ.

ನೀಲಿ ಹರಳು ಮಕ್ಕಳಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಬೀಗ ಹಾಕಿದ ಜಾಗದಲ್ಲಿ, ಅದರದೇ ಹೆಸರಿನ ಚೀಟಿ ಇರುವ ಡಬ್ಬಿಯಲ್ಲಿ ಇಡಿ, ತಿಂಡಿ ಡಬ್ಬಿಯಲ್ಲಂತೂ ಬೇಡವೇ ಬೇಡ. ನುಂಗಿದರೆ ನೀಲಿ ಹಸಿರು ವಾಂತಿ, ಹೊಟ್ಟೆನೋವು, ಆಮೇಲೆ ಕೆಂಪು ರಕ್ತಕಣ ಒಡೆಯುವುದು, ಯಕೃತ್ತು, ಮೂತ್ರಪಿಂಡಕ್ಕೆ ಪೆಟ್ಟು. ಬಲವಂತವಾಗಿ ವಾಂತಿ ಮಾಡಿಸದೆ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಓಡಬೇಕು.

ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದು ಬೆಳೆಗೊಂದು, ಔಷಧಿಗೊಂದು. ಪ್ಯಾಕೆಟ್ ಮೇಲಿನ ಲೇಬಲ್ ಹೇಳಿದ್ದೇ ಕೊನೆ ಮಾತು. ಕುರಿಗಳಿಗೆ ತಾಮ್ರ ಬೇರೆ ಜಾನುವಾರಿಗಿಂತ ಬೇಗ ವಿಷವಾಗುತ್ತದೆ, ಹೊಡೆದ ಜಾಗದ ಹುಲ್ಲಿಗೆ ಬಿಡಬೇಡಿ.

ಇನ್ನು ಮಣ್ಣು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬೇರೆ ಔಷಧಿಗಳು ಕಾಲಕ್ರಮದಲ್ಲಿ ಒಡೆದು ಹೋಗುತ್ತವೆ, ತಾಮ್ರ ಮೂಲಧಾತು, ಒಡೆಯಲು ಅದರಲ್ಲಿ ಏನೂ ಇಲ್ಲ. ತೊಳೆದು ಬಿದ್ದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ, ಎರೆಹುಳು ಮತ್ತು ಸೂಕ್ಷ್ಮಜೀವಿಗಳಿಗೆ ತೊಂದರೆ ಮಾಡುತ್ತದೆ. ಯುರೋಪ್ ಒಕ್ಕೂಟ 2018ರಲ್ಲಿ ಒಂದು ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕೆ.ಜಿ. ತಾಮ್ರದ ಮಿತಿ ಹಾಕಿತು, ಅಂದರೆ ವರ್ಷಕ್ಕೆ ಸರಾಸರಿ 4 ಕೆ.ಜಿ. ನಮ್ಮ ದ್ರಾವಣದ ಲೆಕ್ಕ ನೋಡಿ: ಶೇಕಡಾ 1ರ ಬೋರ್ಡೋ ಲೀಟರಿಗೆ 2.5 ಗ್ರಾಂ ತಾಮ್ರ ಹೊರುತ್ತದೆ. ಹೆಕ್ಟೇರಿಗೆ 500 ಲೀಟರ್ ಹೊಡೆದರೆ 1.25 ಕೆ.ಜಿ., ಮೂರು ಸಲ ಹೊಡೆದರೆ 3.75 ಕೆ.ಜಿ. ಮೂರೇ ಸಲಕ್ಕೆ ಆ ಗೆರೆಯ ಹತ್ತಿರ ಬಂದಾಯಿತು. ಹಾಗಂತ ಬೇಡ ಅನ್ನುತ್ತಿಲ್ಲ. ರೋಗದ ಹವಾಮಾನ ಇಲ್ಲದಾಗ ಅಭ್ಯಾಸಬಲದಿಂದ ಹೊಡೆಯುವ ಒಂದು ಸಲವನ್ನು ಉಳಿಸಿ. ಒಣಗಾಲದಲ್ಲಿ ಕಡಿಮೆ ಪ್ರಮಾಣ ಸಾಕಾಗುವ ಬೆಳೆಗೆ ಅರ್ಧ ಶೇಕಡಾ ಮಾಡಿಕೊಳ್ಳಿ. ರೋಗ ಹಿಡಿದು ಬಿದ್ದ ಕಾಯಿ, ಎಲೆ ಆರಿಸಿ ಸುಟ್ಟರೆ ಬೀಜಾಣುವೇ ಕಮ್ಮಿಯಾಗುತ್ತದೆ.

ಉಳಿದ ದ್ರಾವಣವನ್ನು ಕೆರೆ, ಬಾವಿ, ಹಳ್ಳದ ಕಡೆ ಚೆಲ್ಲಬೇಡಿ. ಕರಗಿದ ತಾಮ್ರ ಮೀನಿಗೆ, ನೀರಿನ ಸಣ್ಣ ಜೀವಿಗಳಿಗೆ ಬಹಳ ಚಿಕ್ಕ ಪ್ರಮಾಣದಲ್ಲೇ ವಿಷ. ಬಿಟ್ಟುಹೋದ ಗಿಡಗಳು ಅದೇ ಬೆಳೆಯಲ್ಲಿ ಇದ್ದೇ ಇರುತ್ತವೆ, ಅವಕ್ಕೆ ಹೊಡೆದು ಖಾಲಿ ಮಾಡಿ. ಪಂಪ್ ತೊಳೆದ ನೀರೂ ಅಲ್ಲಿಗೇ ಹೋಗಲಿ. ಅವತ್ತೇ ತೊಳೆಯಿರಿ, ಒಣಗಿದ ಬೋರ್ಡೋ ನಾಜಲ್ಲಿನಲ್ಲಿ ಗಾರೆಯಾಗುತ್ತದೆ. ಕಟ್ಟಿಕೊಂಡಿದ್ದರೆ ನಾಜಲ್ ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ನೀಲಿ ಪದರ ಕರಗಿ ಬಿಡುತ್ತದೆ. ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ. ವಿನೆಗರ್ ಪಂಪಿನೊಳಗೆ ಉಳಿದು ಮುಂದಿನ ದ್ರಾವಣಕ್ಕೆ ಸೇರಬಾರದು.